ಎಡಗಿವಿ ಬಲಗಿವಿಗಳ ಒಪ್ಪಂದ

ಬೆಳಗಿನ ವೇಳೆಯಲ್ಲಿ ಯಲಹಂಕದಿಂದ ಹೆಬ್ಬಾಳದ ಮಾರ್ಗವಾಗಿ ಊರೊಳಕ್ಕೆ ಬರುವ ಯಾವ ಬಸ್ಸನ್ನಾದರೂ ನೋಡಿ. ಕಾಲೇಜಿಗೆ ಹೊರಟ ವಿದ್ಯಾರ್ಥಿಗಳಲ್ಲಿ ಹಲವರ ಕಿವಿಗಳಲ್ಲಿ ಹುಣಸೆಬೀಜಕ್ಕಿಂತ ತುಸು ದೊಡ್ಡದಾದ ಒಂದೊಂದು ಗುಂಡಿ ಕುಳಿತಿರುವುದು ಕಾಣುತ್ತದೆ. ಇವೇ ನಿಸ್ತಂತು ಇಯರ್‌ಬಡ್‌ಗಳು. ಎಡಗಿವಿಯದಕ್ಕೂ ಬಲಗಿವಿಯದಕ್ಕೂ ನಡುವೆ ತಂತಿಯಿಲ್ಲ. ಅವೆರಡಕ್ಕೂ ಜೇಬಿನಲ್ಲಿರುವ ಫೋನಿಗೂ ನಡುವೆಯೂ ತಂತಿಯಿಲ್ಲ. ಆದರೂ ಒಂದೇ ಹಾಡು, ಒಂದೇ ಪಾಠ, ಎರಡು ಕಿವಿಗಳಲ್ಲಿಯೂ ಏಕಕಾಲದಲ್ಲಿ ಕೇಳಿಬರುತ್ತದೆ.

ಯಾವುದೋ ಒಂದು ದಿನ ಈ ವ್ಯವಸ್ಥೆ ತಪ್ಪುತ್ತದೆ. ಬಲಗಿವಿಯದು ಹಾಡುತ್ತದೆ, ಎಡಗಿವಿಯದು ಮೂಕವಾಗಿರುತ್ತದೆ. ಅಥವಾ ಫೋನಿನ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಕಾಣಿಸಿಕೊಳ್ಳುತ್ತದೆ; ಒಂದನ್ನು ಆರಿಸಿದರೆ ಮತ್ತೊಂದು ಬಿಟ್ಟುಹೋಗುತ್ತದೆ. ಡಬ್ಬಿಯಲ್ಲಿಟ್ಟು ತೆಗೆದರೂ ಪ್ರಯೋಜನವಿಲ್ಲ. ಅಂಗಡಿಗೆ ಒಯ್ದರೆ, "ಇದನ್ನು ರಿಪೇರಿ ಮಾಡಲಾಗದು, ಹೊಸದನ್ನು ಕೊಳ್ಳಿ" ಎಂಬ ಉತ್ತರ ದೊರೆಯುವುದೂ ಉಂಟು. ತಿಂಗಳುಗಟ್ಟಲೆ ಉಳಿಸಿದ ಹಣದಿಂದ ಕೊಂಡ ಪದಾರ್ಥವು ಹೀಗೆ ಕಸದ ಬುಟ್ಟಿಯನ್ನು ಸೇರುತ್ತದೆ.

ಆದರೆ ಹೀಗೆ ಎಸೆಯಲ್ಪಟ್ಟ ಜೋಡಿಗಳಲ್ಲಿ ಎಷ್ಟೋ ಸಲ ಯಾವ ಭಾಗವೂ ಕೆಟ್ಟಿರುವುದಿಲ್ಲ. ಕೆಟ್ಟಿರುವುದು ಅವುಗಳ ನಡುವಣ ಒಪ್ಪಂದ. ಈ ಒಪ್ಪಂದವೆಂದರೇನು, ಅದು ಹೇಗೆ ಏರ್ಪಡುತ್ತದೆ, ಹೇಗೆ ಮುರಿಯುತ್ತದೆ ಎಂಬುದನ್ನು ಅರಿತರೆ ಅದನ್ನು ಮತ್ತೆ ಕೂಡಿಸುವ ಕೆಲಸವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಅದನ್ನು ಈ ಲೇಖನದಲ್ಲಿ ಕ್ರಮವಾಗಿ ವಿಚಾರಿಸೋಣ.

ಬಾನುಲಿಗೂ ಇಯರ್‌ಬಡ್‌ಗೂ ಇರುವ ಭೇದ

ಯಲಹಂಕದಲ್ಲಿ ಆಕಾಶವಾಣಿಯವರ ಮಹಾಶಕ್ತಿಯ ಪ್ರೇಷಣ ಕೇಂದ್ರವೊಂದುಂಟು. ದೂರದೇಶಗಳ ಶ್ರೋತೃಗಳಿಗಾಗಿ ಕಳೆದ ಶತಮಾನದ ಕೊನೆಯ ದಶಕದಲ್ಲಿ ಅಲ್ಲಿ ಸ್ಥಾಪಿಸಿದ ಒಂದೊಂದು ಹ್ರಸ್ವತರಂಗ ಪ್ರೇಷಕದ ಶಕ್ತಿ 500 ಕಿಲೋವಾಟ್. ಇಯರ್‌ಬಡ್‌ನಲ್ಲಿಯೂ ಒಂದು ಪ್ರೇಷಕವುಂಟು. ಅದರ ಶಕ್ತಿ ಕೆಲವೇ ಮಿಲಿವಾಟ್. ಅದನ್ನು 2.5 ಮಿಲಿವಾಟ್ ಎಂದು ಹಿಡಿದರೆ, ಯಲಹಂಕದ ಒಂದು ಪ್ರೇಷಕವು ಅದಕ್ಕಿಂತ 20 ಕೋಟಿ ಪಾಲು ಬಲಶಾಲಿಯೆಂದಾಯಿತು. ಆದರೂ ಎರಡೂ ಬಳಸುವುದು ಒಂದೇ ಜಾತಿಯ ಅಲೆಗಳನ್ನು, ಎಂದರೆ ರೇಡಿಯೋ ತರಂಗಗಳನ್ನು.

ಇವೆರಡರ ನಿಜವಾದ ಭೇದವಿರುವುದು ಬಲದಲ್ಲಲ್ಲ, ನಡತೆಯಲ್ಲಿ. ಬಾನುಲಿ ನಿಲಯವು ಎಲ್ಲರಿಗೂ ಕೇಳುವಂತೆ ಮಾತನಾಡುತ್ತದೆ. ಅದರ ಆವೃತ್ತಿಯನ್ನು ಬಲ್ಲ ಯಾರಾದರೂ ತಮ್ಮ ರೇಡಿಯೋವನ್ನು ಆ ಅಂಕಿಗೆ ತಿರುಗಿಸಿ ಕೇಳಬಹುದು. ಯಾರು ಕೇಳುತ್ತಿದ್ದಾರೆಂಬುದು ನಿಲಯಕ್ಕೆ ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಇಯರ್‌ಬಡ್‌ನ ಸಂಗತಿ ಹಾಗಲ್ಲ. ಬಸ್ಸಿನಲ್ಲಿ ನಮ್ಮ ಪಕ್ಕದಲ್ಲಿ ಕುಳಿತವರ ಹಾಡು ನಮ್ಮ ಕಿವಿಗೆ ಬರಕೂಡದು, ನಮ್ಮ ದೂರವಾಣಿಯ ಸಂಭಾಷಣೆ ಅವರಿಗೆ ಕೇಳಕೂಡದು. ಆದುದರಿಂದ ಇಲ್ಲಿ ಮಾತಿಗೆ ಮೊದಲು ಪರಿಚಯವಾಗಬೇಕು. ಪರಿಚಯವಾದ ಮೇಲೆ ಗುಟ್ಟಿನ ಗುರುತೊಂದು ಗೊತ್ತಾಗಬೇಕು. ಈ ಪರಿಚಯದ ವಿಧಿಗೆ ಪೇರಿಂಗ್ ಅಥವಾ ಜೋಡಣೆಯೆಂದು ಹೆಸರು. ಇದನ್ನು ನಡೆಸುವ ನಿಯಮಗಳ ಸಮುದಾಯವೇ ಬ್ಲೂಟೂತ್.

ಬ್ಲೂಟೂತ್‌ನ ಮೂಲ ಯೋಜನೆಯು 1994ರಲ್ಲಿ ಸ್ವೀಡನ್ನಿನ ಲುಂಡ್ ನಗರದ ಎರಿಕ್‌ಸನ್ ಸಂಸ್ಥೆಯಲ್ಲಿ ಆರಂಭವಾಯಿತು. ಡಚ್ ಎಂಜಿನಿಯರ್ ಯಾಪ್ ಹಾರ್ಟ್‌ಸನ್ ಅದರ ಪ್ರಧಾನ ಶಿಲ್ಪಿಗಳಲ್ಲಿ ಒಬ್ಬರು. ಹತ್ತನೆಯ ಶತಮಾನದಲ್ಲಿ ಚದುರಿಹೋಗಿದ್ದ ಡೇನ್ ಪಂಗಡಗಳನ್ನು ಒಂದುಗೂಡಿಸಿದನೆಂದು ಹೆಸರಾದ ಹೆರಾಲ್ಡ್ ಎಂಬ ದೊರೆಯ ಅಡ್ಡಹೆಸರೇ ಈ ಪದ್ಧತಿಯ ಹೆಸರಾಗಿದೆ.

ನಿಲ್ಲದೆ ಜಿಗಿಯುವ ಸಂಭಾಷಣೆ

ಬ್ಲೂಟೂತ್ ಉಪಕರಣಗಳು ಬಳಸುವ ಆವೃತ್ತಿಗಳು ಸೆಕೆಂಡಿಗೆ 240 ಕೋಟಿ ಕಂಪನಗಳಿಂದ ಸುಮಾರು 248 ಕೋಟಿ ಕಂಪನಗಳವರೆಗೆ ಹಬ್ಬಿವೆ; ಎಂದರೆ 2.4 ಗಿಗಾಹರ್ಟ್ಸ್‌ನ ಪಟ್ಟೆ. ಮನೆಯ ವೈಫೈ ಪೆಟ್ಟಿಗೆಯೂ ಇದೇ ಪಟ್ಟೆಯಲ್ಲಿ ಮಾತನಾಡುವುದುಂಟು. ಅಡುಗೆಮನೆಯ ಮೈಕ್ರೋವೇವ್ ಒಲೆಯಿಂದ ಸೋರುವ ಅಲೆಗಳು ಬೀಳುವುದೂ ಇಲ್ಲಿಯೇ. ನಮ್ಮ ದೇಶದಲ್ಲಿ ನಿಸ್ತಂತು ಉಪಕರಣಗಳಿಗೆ ಲೈಸೆನ್ಸ್ ಬೇಕೆಂಬ ಶಾಸನವು 1933ರಷ್ಟು ಹಳೆಯದು. ಈ ಪಟ್ಟೆಯಲ್ಲಿ ಅಲ್ಪಶಕ್ತಿಯಿಂದ ಕೆಲಸಮಾಡುವ ಉಪಕರಣಗಳಿಗೆ ಭಾರತ ಸರ್ಕಾರವು 2005ರ ಜನವರಿಯಲ್ಲಿ ವಿನಾಯಿತಿಯಿತ್ತಿತು. ಅಂದಿನಿಂದ ಈ ಪಟ್ಟೆಯು ಯಾರು ಬೇಕಾದರೂ ನಡೆಯಬಹುದಾದ ರಾಜಬೀದಿಯಂತಾಗಿದೆ. ರಾಜಬೀದಿಯಾದುದರಿಂದಲೇ ಅಲ್ಲಿ ನೂಕುನುಗ್ಗಲೂ ಹೆಚ್ಚು.

ಈ ನೂಕುನುಗ್ಗಲಿನಲ್ಲಿ ಇಬ್ಬರು ಮಾತನಾಡುವುದು ಹೇಗೆ? ಯಶವಂತಪುರದ ರೈಲು ನಿಲ್ದಾಣವನ್ನು ನೆನೆಸಿಕೊಳ್ಳೋಣ. ಇಬ್ಬರು ಗೆಳೆಯರು ಅಲ್ಲಿ ಸಂಭಾಷಿಸಬೇಕಾಗಿದೆ. ಒಂದೇ ಪ್ಲಾಟ್‌ಫಾರಂನಲ್ಲಿ ನಿಂತರೆ ರೈಲು ಬಂದಾಗ ಗದ್ದಲದಲ್ಲಿ ಮಾತು ಮುಳುಗುತ್ತದೆ. ಅದಕ್ಕಾಗಿ ಅವರು ಮೊದಲೇ ಒಂದು ಪಟ್ಟಿ ಬರೆದುಕೊಂಡು ಒಂದೊಂದು ಪ್ರತಿಯನ್ನು ಕೈಯಲ್ಲಿ ಹಿಡಿದಿದ್ದಾರೆ: ಮೊದಲ ನಿಮಿಷ ಮೂರನೆಯ ಪ್ಲಾಟ್‌ಫಾರಂ, ಎರಡನೆಯ ನಿಮಿಷ ಒಂದನೆಯದು, ಮೂರನೆಯ ನಿಮಿಷ ಐದನೆಯದು. ಒಂದು ಕಡೆ ಗದ್ದಲವಿದ್ದು ಒಂದು ಮಾತು ಕೇಳದೆ ಹೋದರೂ ಮುಂದಿನ ಪ್ಲಾಟ್‌ಫಾರಂನಲ್ಲಿ ಅದನ್ನೇ ಮತ್ತೆ ಹೇಳಬಹುದು. ಅವರ ಪಟ್ಟಿಯನ್ನು ಅರಿಯದ ಮೂರನೆಯವನಿಗೆ ಯಾವುದೋ ಒಂದೆರಡು ಪದ ಕೇಳಿಸೀತೇ ಹೊರತು ಇಡೀ ಸಂಭಾಷಣೆ ಕೇಳಿಸದು.

ಬ್ಲೂಟೂತ್ ಮಾಡುವುದು ಇದನ್ನೇ. ಅದರ ಪಟ್ಟೆಯನ್ನು 79 ಚಾನೆಲ್‌ಗಳಾಗಿ ವಿಭಾಗಿಸಿದ್ದಾರೆ. ಮಾತನಾಡುವ ಉಪಕರಣಗಳು ಸೆಕೆಂಡಿಗೆ 1600 ಸಲದವರೆಗೂ ಒಂದು ಚಾನೆಲಿನಿಂದ ಮತ್ತೊಂದಕ್ಕೆ ಜಿಗಿಯುತ್ತವೆ. ಒಂದೊಂದು ಅವಧಿಯ ಉದ್ದ ಒಂದು ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ 625 ಪಾಲು, ಎಂದರೆ 625 ಮೈಕ್ರೋಸೆಕೆಂಡ್. ಯಾವ ಚಾನೆಲುಗಳಲ್ಲಿ ವೈಫೈನ ಗದ್ದಲವಿದೆಯೆಂಬುದನ್ನು ಗಮನಿಸಿ ಅವುಗಳನ್ನು ಬಿಟ್ಟು ಜಿಗಿಯುವ ಜಾಣ್ಮೆಯೂ 2003ರಿಂದೀಚೆಗೆ ಈ ಪದ್ಧತಿಗೆ ಸೇರಿದೆ.

ಜಿಗಿತದ ಈ ಕಲ್ಪನೆಗೆ ಒಂದು ಸ್ವಾರಸ್ಯವಾದ ಪೂರ್ವೇತಿಹಾಸವುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾಲಿವುಡ್ಡಿನ ನಟಿ ಹೆಡಿ ಲಮಾರ್ ಮತ್ತು ಸಂಗೀತ ರಚನಕಾರ ಜಾರ್ಜ್ ಆಂಥೈಲ್ ಇಬ್ಬರೂ ಸೇರಿ ಟಾರ್ಪಿಡೋಗಳನ್ನು ರೇಡಿಯೋ ಮೂಲಕ ನಡೆಸುವ ಒಂದು ಉಪಾಯವನ್ನು ಯೋಚಿಸಿದರು. ಶತ್ರುಗಳು ಅಡ್ಡಿಪಡಿಸಲಾಗದಂತೆ ಆವೃತ್ತಿಯನ್ನು ಮೇಲಿಂದ ಮೇಲೆ ಬದಲಾಯಿಸಬೇಕು; ಹಡಗಿನಲ್ಲೊಂದು, ಟಾರ್ಪಿಡೋದಲ್ಲೊಂದು, ಹೀಗೆ ಒಂದೇ ರೀತಿಯಾಗಿ ರಂಧ್ರ ಕೊರೆದ ಕಾಗದದ ಸುರುಳಿಗಳೆರಡು ಒಟ್ಟಿಗೆ ಸುತ್ತುತ್ತ ಯಾವಾಗ ಯಾವ ಆವೃತ್ತಿ ಎಂಬುದನ್ನು ಗೊತ್ತುಮಾಡಬೇಕು. ಪಿಯಾನೋದ ಮನೆಗಳಷ್ಟೇ, ಎಂದರೆ 88 ಆವೃತ್ತಿಗಳನ್ನು ಅವರು ಸೂಚಿಸಿದ್ದರು. 1942ರ ಆಗಸ್ಟ್ 11ರಂದು ಅವರಿಗೆ ಅಮೆರಿಕದ ಪೇಟೆಂಟ್ ದೊರೆಯಿತು. ಈ ಉಪಾಯದ ತಿರುಳನ್ನು ಗಮನಿಸಬೇಕು: ಎರಡು ಸುರುಳಿಗಳೂ ಒಂದೇ ಆಗಿರಬೇಕು, ಮತ್ತು ಒಂದೇ ಕ್ಷಣದಲ್ಲಿ ಹೊರಡಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಟಾರ್ಪಿಡೋ ಕಿವುಡಾಗುತ್ತದೆ. ನಮ್ಮ ಎಡಗಿವಿಯ ಇಯರ್‌ಬಡ್ ಮೂಕವಾಗುವುದಕ್ಕೂ ಇಂಥದೇ ಕಾರಣವಿರಬಹುದು.

ನೆನಪಿನಲ್ಲಿಡಬೇಕಾದ ಮೂರು ಸಂಗತಿಗಳು

ಜೋಡಣೆಗೊಂಡ ಉಪಕರಣಗಳು ಮೂರು ಸಂಗತಿಗಳನ್ನು ಹಂಚಿಕೊಂಡಿರುತ್ತವೆ. ಮೊದಲನೆಯದು ವಿಳಾಸ. ಪ್ರತಿಯೊಂದು ಬ್ಲೂಟೂತ್ ಉಪಕರಣಕ್ಕೂ 48 ಬಿಟ್‌ಗಳ ಒಂದು ವಿಳಾಸವುಂಟು. ಸೊನ್ನೆ ಮತ್ತು ಒಂದು ಎಂಬ ಎರಡೇ ಚಿಹ್ನೆಗಳನ್ನು 48 ಸ್ಥಾನಗಳಲ್ಲಿ ಬರೆದರೆ ಆಗಬಹುದಾದ ವಿಳಾಸಗಳ ಸಂಖ್ಯೆ ಸುಮಾರು 281 ಲಕ್ಷ ಕೋಟಿ. ಎಡಗಿವಿಯದು ಬಲಗಿವಿಯದರ ವಿಳಾಸವನ್ನು ತನ್ನ ಸ್ಮೃತಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ; ಅದು ಹುಡುಕುವುದು ಆ ಒಂದು ವಿಳಾಸವನ್ನೇ. ಅಂಗಡಿಯಲ್ಲಿ ಅದೇ ಮಾದರಿಯ ನೂರು ಬಲಗಿವಿಯವುಗಳಿದ್ದರೂ ಅವೆಲ್ಲ ಅದಕ್ಕೆ ಅಪರಿಚಿತರೇ.

ಎರಡನೆಯದು ಗುಟ್ಟಿನ ಕೀಲಿ. ಇದು 128 ಬಿಟ್‌ಗಳ ಒಂದು ಸಂಖ್ಯೆ. ಜೋಡಣೆಯ ಸಮಯದಲ್ಲಿ ಎರಡು ಉಪಕರಣಗಳು ಗಣಿತದ ವಿನಿಮಯವೊಂದನ್ನು ನಡೆಸಿ ಈ ಸಂಖ್ಯೆಯನ್ನು ತಮ್ಮಲ್ಲಿಯೇ ಲೆಕ್ಕಹಾಕಿಕೊಳ್ಳುತ್ತವೆ. ಈ ಸಂಖ್ಯೆ ಗಾಳಿಯಲ್ಲಿ ಎಂದೂ ಹಾರಾಡುವುದಿಲ್ಲ. ಆದುದರಿಂದ ಮೂರನೆಯವನು ಹೊಂಚುಹಾಕಿ ಕೇಳಿದರೂ ಅದು ಅವನಿಗೆ ಸಿಕ್ಕದು. ಮುಂದಿನ ಸಲ ಸಂಧಿಸಿದಾಗ ಇಬ್ಬರಲ್ಲಿಯೂ ಅದೇ ಕೀಲಿಯಿದ್ದರೆ ಬಾಗಿಲು ತೆರೆಯುತ್ತದೆ, ಇಲ್ಲವಾದರೆ ತೆರೆಯುವುದಿಲ್ಲ.

ಮೂರನೆಯದು ಗಡಿಯಾರ. ಜಿಗಿತದ ಪಟ್ಟಿಯನ್ನು ಗೊತ್ತುಮಾಡುವುದು ಮುಂದಾಳಾದ ಉಪಕರಣದ ವಿಳಾಸ ಮತ್ತು ಅದರ ಗಡಿಯಾರ. ಯಶವಂತಪುರಕ್ಕೆ ಸಮೀಪದ ಜಾಲಹಳ್ಳಿಯ ಹೆಸರು ಕೇಳಿದೊಡನೆ ಹಿರಿಯರಿಗೆ ಎಚ್.ಎಂ.ಟಿ. ಕೈಗಡಿಯಾರ ನೆನಪಾಗುತ್ತದೆ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಆರಂಭವಾದ ಆ ಉದ್ಯಮದ ಕೀಲಿ ಕೊಡುವ ಗಡಿಯಾರ ದಿನಕ್ಕೆ ಕೆಲವು ಸೆಕೆಂಡು ಹಿಂದುಮುಂದಾದರೂ ಯಾರೂ ದೂರುತ್ತಿರಲಿಲ್ಲ. ಇಯರ್‌ಬಡ್‌ನಲ್ಲಿ ಸಮಯವನ್ನು ಎಣಿಸುವುದು ಕ್ವಾರ್ಟ್ಸ್ ಸ್ಫಟಿಕದ ಒಂದು ಚೂರು. ಮಾತು ನಡೆದಿರುವಾಗ ಅದು ಹತ್ತು ಲಕ್ಷಕ್ಕೆ 20 ಪಾಲಿಗಿಂತ ಹೆಚ್ಚು ತಪ್ಪಕೂಡದೆಂದು ನಿಯಮ. ದಿನದ ಲೆಕ್ಕದಲ್ಲಿ ಇದು 1.7 ಸೆಕೆಂಡು ಮಾತ್ರ. ಆದರೂ ಒಂದು ಸ್ಫಟಿಕ ಅಷ್ಟು ಮುಂದೆ, ಇನ್ನೊಂದು ಅಷ್ಟು ಹಿಂದೆ ಓಡಿದರೆ ಸೆಕೆಂಡಿಗೆ 40 ಮೈಕ್ರೋಸೆಕೆಂಡಿನ ಅಂತರ ಬೀಳುತ್ತದೆ. ಹದಿನಾರು ಸೆಕೆಂಡು ತುಂಬುವಷ್ಟರಲ್ಲಿ 625 ಮೈಕ್ರೋಸೆಕೆಂಡಿನ ಒಂದು ಇಡೀ ಅವಧಿಯೇ ತಪ್ಪಿಹೋಗುತ್ತದೆ. ಇದನ್ನು ತಡೆಯುವುದಕ್ಕಾಗಿ ಅನುಚರ ಉಪಕರಣವು ಮುಂದಾಳಿನ ಪ್ರತಿಯೊಂದು ಸಂದೇಶವನ್ನೂ ಕೇಳಿ ತನ್ನ ಗಡಿಯಾರವನ್ನು ಸರಿಪಡಿಸಿಕೊಳ್ಳುತ್ತಲೇ ಇರುತ್ತದೆ.

ಗಡಿಯಾರಗಳು ಇಷ್ಟು ನಿಖರವಾಗಿರಬೇಕಾದುದಕ್ಕೆ ನಮ್ಮ ಕಿವಿಗಳೂ ಕಾರಣ. ಬಲಗಡೆಯಿಂದ ಬಂದ ಶಬ್ದವು ತಲೆಯನ್ನು ಬಳಸಿ ಎಡಗಿವಿಯನ್ನು ಮುಟ್ಟುವುದಕ್ಕೆ ಹೆಚ್ಚೆಂದರೆ ಸುಮಾರು 650 ಮೈಕ್ರೋಸೆಕೆಂಡ್ ತಡವಾಗುತ್ತದೆ. ಇಷ್ಟರಿಂದಲೇ ಮಿದುಳು ಶಬ್ದದ ದಿಕ್ಕನ್ನು ಗುರುತಿಸುತ್ತದೆ. ಎರಡು ಇಯರ್‌ಬಡ್‌ಗಳಲ್ಲಿ ಒಂದು ಸಮಯ ತಪ್ಪಿ ನುಡಿದರೆ ಹಾಡುಗಾರರು ಒಂದು ಬದಿಗೆ ಸರಿದುಹೋದಂತೆ ಭಾಸವಾಗುತ್ತದೆ.

ಒಪ್ಪಂದ ಮುರಿಯುವ ಬಗೆಗಳು

ಎರಡು ಇಯರ್‌ಬಡ್‌ಗಳೂ ಸಮಾನ ಅಂತಸ್ತಿನವೆಂದು ಹೊರನೋಟಕ್ಕೆ ತೋರುತ್ತದೆ. ಆದರೆ ಬಹುಕಾಲ ಬಳಕೆಯಲ್ಲಿರುವ ವ್ಯವಸ್ಥೆಯಲ್ಲಿ ಒಂದು ಮುಂದಾಳು, ಮತ್ತೊಂದು ಅನುಚರ. ಫೋನಿಗೆ ಪರಿಚಯವಿರುವುದು ಮುಂದಾಳಿನದು ಮಾತ್ರ. ಹಳೆಯ ಮಾದರಿಗಳಲ್ಲಿ ಮುಂದಾಳು ಫೋನಿನಿಂದ ಹಾಡನ್ನು ಪಡೆದು ಅನುಚರನಿಗೆ ದಾಟಿಸುತ್ತದೆ. ಅನಂತರದ ಕೆಲವು ಮಾದರಿಗಳಲ್ಲಿ ಅನುಚರನು ಮುಂದಾಳಿನಿಂದ ಕೀಲಿಯನ್ನೂ ಸಮಯವನ್ನೂ ತಿಳಿದುಕೊಂಡು ಫೋನಿನ ಮಾತನ್ನು ತಾನೇ ನೇರವಾಗಿ ಆಲಿಸುತ್ತದೆ. 2022ರಲ್ಲಿ ನಿಯಮಗಳು ಪೂರ್ಣಗೊಂಡ ಎಲ್‌ಇ ಆಡಿಯೋ ಎಂಬ ಹೊಸ ಪದ್ಧತಿಯಲ್ಲಿ ಫೋನು ಎರಡಕ್ಕೂ ಪ್ರತ್ಯೇಕವಾಗಿ, ಆದರೆ ಸಮಯವನ್ನು ಹೊಂದಿಸಿ, ಧ್ವನಿಯನ್ನು ಕಳುಹಿಸಬಲ್ಲುದು. ಯಾವ ಮಾದರಿಯಾದರೂ ಎಡಬಲಗಳು ಒಂದನ್ನೊಂದು ಬಲ್ಲವಾಗಿರಲೇಬೇಕು.

ಸಾಮಾನ್ಯವಾಗಿ ಈ ಒಪ್ಪಂದವು ಕಾರ್ಖಾನೆಯಲ್ಲಿಯೇ ಏರ್ಪಟ್ಟಿರುತ್ತದೆ. ಮುಂದೆ ಅದು ನಾಲ್ಕು ಬಗೆಯಲ್ಲಿ ಮುರಿಯಬಹುದು.

ಒಂದು: ಎರಡರಲ್ಲಿ ಒಂದನ್ನೇ ಡಬ್ಬಿಯಿಂದ ತೆಗೆದು ಬಳಸುತ್ತೇವೆ. ಅದು ಜೊತೆಗಾರನನ್ನು ಸ್ವಲ್ಪ ಹೊತ್ತು ಹುಡುಕಿ, ಕಾಣದೆ, ತಾನು ಒಂಟಿಯೆಂದು ಬಗೆದು ಫೋನಿಗೆ ತನ್ನನ್ನು ಪರಿಚಯಿಸಿಕೊಳ್ಳುತ್ತದೆ. ಮತ್ತೊಂದು ದಿನ ಇನ್ನೊಂದೂ ಹಾಗೆಯೇ ಮಾಡುತ್ತದೆ. ಈಗ ಫೋನಿನಲ್ಲಿ ಇಬ್ಬರು ಒಂಟಿಗರ ಹೆಸರುಗಳಿವೆ. ಡಬ್ಬಿ ತೆರೆದೊಡನೆ ಇಬ್ಬರೂ ಫೋನಿನ ಕಡೆಗೆ ಓಡುತ್ತಾರೆ. ಪರಸ್ಪರ ಯಾರೂ ಹುಡುಕುವುದಿಲ್ಲ.

ಎರಡು: ಫೋನಿನಿಂದ ಹೆಸರನ್ನು ಅಳಿಸುತ್ತೇವೆ, ಇಯರ್‌ಬಡ್‌ಗಳ ಸ್ಮೃತಿಯನ್ನು ಅಳಿಸುವುದಿಲ್ಲ. ಒಂದು ಕಡೆ ಕೀಲಿ ನಾಶವಾಯಿತು, ಇನ್ನೊಂದು ಕಡೆ ಉಳಿಯಿತು. ಹಳೆಯ ಕೀಲಿಯನ್ನು ಹಿಡಿದವನು ಹಳೆಯ ಬಾಗಿಲನ್ನೇ ತಟ್ಟುತ್ತಾನೆ. ಒಳಗಿರುವವನಿಗೆ ಆತನ ಗುರುತಿಲ್ಲ.

ಮೂರು: ಒಂದೇ ಮನೆಯಲ್ಲಿ ಅಕ್ಕನಿಗೂ ತಮ್ಮನಿಗೂ ಒಂದೇ ಮಾದರಿಯ ಜೋಡಿಗಳಿವೆ, ಮೇಜಿನ ಮೇಲೆ ಎಡಗಿವಿಯವು ಅದಲುಬದಲಾಗುತ್ತವೆ. ನೋಟಕ್ಕೆ ಒಂದೇ, ವಿಳಾಸ ಬೇರೆ. ಕಳೆದುಹೋದ ಒಂದರ ಬದಲಿಗೆ ಅದೇ ಮಾದರಿಯ ಬಿಡಿ ಇಯರ್‌ಬಡ್ ಕೊಂಡವರಿಗೂ ಇದೇ ತೊಡಕು.

ನಾಲ್ಕು: ಒಂದು ಇಯರ್‌ಬಡ್‌ನ ಬ್ಯಾಟರಿಗೆ ವಿದ್ಯುತ್ತೇ ತುಂಬಿಲ್ಲ. ಡಬ್ಬಿಯ ತಳದಲ್ಲಿರುವ ಲೋಹದ ಮೊಳೆಗಳಿಗೂ ಇಯರ್‌ಬಡ್‌ನ ಲೋಹದ ಚುಕ್ಕೆಗಳಿಗೂ ನಡುವೆ ಬೆವರು, ಧೂಳು, ಕಿವಿಯ ಗುಗ್ಗೆ ಸೇರಿದರೆ ವಿದ್ಯುತ್ ಹರಿಯುವುದಿಲ್ಲ. ಈ ಮೊಳೆಗಳು ವಿದ್ಯುತ್ತನ್ನು ಕೊಡುವುದಷ್ಟೇ ಅಲ್ಲ, ಇಯರ್‌ಬಡ್ ಡಬ್ಬಿಯಲ್ಲಿದೆಯೇ ಹೊರಗಿದೆಯೇ ಎಂಬುದನ್ನು ತಿಳಿಸುವುದೂ ಸಾಮಾನ್ಯವಾಗಿ ಅವುಗಳ ಕೆಲಸವೇ. ಅವು ಕೊಳೆಯಾದರೆ ಇಯರ್‌ಬಡ್ ಡಬ್ಬಿಯೊಳಗಿದ್ದೂ ತಾನು ಹೊರಗಿರುವೆನೆಂದು ತಿಳಿದು ಎಚ್ಚರವಾಗಿಯೇ ಉಳಿದು ಬರಿದಾಗಬಹುದು.

ನಡುವೆ ನಿಂತ ತಲೆ

ಇನ್ನೊಂದು ತೊಂದರೆಯುಂಟು. ಅದು ಒಪ್ಪಂದ ಮುರಿದಂತೆ ಕಾಣುತ್ತದೆ, ಆದರೆ ಮುರಿದಿರುವುದಿಲ್ಲ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ನಮ್ಮ ಅಂಗಾಂಶಗಳಲ್ಲಿ ಉಪ್ಪುಬೆರೆತ ನೀರು ಹೇರಳವಾಗಿದ್ದು ಅದು ಈ ಅಲೆಗಳನ್ನು ಹೀರುತ್ತದೆ. ಸ್ನಾಯುವಿನೊಳಗೆ ಎರಡು ಮೂರು ಸೆಂಟಿಮೀಟರ್ ಹೋಗುವಷ್ಟರಲ್ಲಿಯೇ ಅಲೆ ಬಹಳ ಕುಗ್ಗುತ್ತದೆ. ಶಕ್ತಿ ಕೆಲವೇ ಮಿಲಿವಾಟ್ ಆದುದರಿಂದ ಇದರಿಂದ ಉಂಟಾಗುವ ಶಾಖ ಅತ್ಯಲ್ಪ. ಆದರೆ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ತಲೆಯ ಮೂಲಕ ನೇರವಾಗಿ ಅಲೆ ದಾಟುವುದು ಅಸಾಧ್ಯವೇ ಸರಿ. ಅದು ತಲೆಯ ಮೇಲ್ಮೈಯನ್ನು ಬಳಸಿ ಹೋಗಬೇಕು, ಇಲ್ಲವೇ ಗೋಡೆ, ಚಾವಣಿಗಳಿಗೆ ತಗುಲಿ ಹಿಂದಿರುಗಿ ಬರಬೇಕು.

ಇದರಿಂದ ಒಂದು ವಿಚಿತ್ರವು ಅರ್ಥವಾಗುತ್ತದೆ. ಆರ್.ಟಿ. ನಗರದ ಮನೆಯ ಕೋಣೆಯಲ್ಲಿ ಸರಿಯಾಗಿ ನುಡಿಯುವ ಜೋಡಿಯು ಹೆಬ್ಬಾಳ ಕೆರೆಯ ಏರಿಯ ಮೇಲಾಗಲಿ, ಹೆಬ್ಬಾಳ ಯಲಹಂಕಗಳ ನಡುವಣ ಕೃಷಿ ವಿಶ್ವವಿದ್ಯಾನಿಲಯದ ಬಯಲಿನಲ್ಲಾಗಲಿ ತಡವರಿಸಬಹುದು. ಕೋಣೆಯಲ್ಲಿ ಅಲೆಯನ್ನು ಹಿಂದಿರುಗಿಸುವ ಗೋಡೆಗಳಿದ್ದವು, ಬಯಲಿನಲ್ಲಿ ಇಲ್ಲ. ಫೋನು ಬಲಜೇಬಿನಲ್ಲಿದ್ದು ಎಡಗಿವಿಯದು ತಡವರಿಸಿದರೆ ಫೋನನ್ನು ಮೇಲಿನ ಜೇಬಿಗೆ ಸೇರಿಸಿದರೆ ಸಾಕಾಗಬಹುದು. ಈ ಅಡ್ಡಿಯನ್ನು ಮೀರಲೆಂದೇ ಕೆಲವು ತಯಾರಕರು ಎಡಬಲಗಳ ನಡುವೆ ಸುಮಾರು 10 ಮೆಗಾಹರ್ಟ್ಸ್‌ನ ಕಾಂತಪ್ರೇರಣೆಯನ್ನು ಬಳಸಿದರು. ಇಂಥ ಕಾಂತಕ್ಷೇತ್ರವು ತಲೆಯ ಮೂಲಕ ಸಲೀಸಾಗಿ ದಾಟುತ್ತದೆ.

ದುರಸ್ತಿಯ ಕ್ರಮ

ಯಾವ ದುರಸ್ತಿಯಲ್ಲಿಯೂ ಮೊದಲ ಕೆಲಸ ರೋಗವನ್ನು ಗುರುತಿಸುವುದು. ಎರಡು ಇಯರ್‌ಬಡ್‌ಗಳನ್ನೂ ಒಂದೇ ಅಂಗೈಯಲ್ಲಿ ಅಕ್ಕಪಕ್ಕ ಇಟ್ಟು ಫೋನನ್ನು ಹತ್ತಿರ ಹಿಡಿದು ಹಾಡು ಹಾಕಬೇಕು. ಒಂದೊಂದನ್ನೇ ಕಿವಿಯ ಬಳಿ ತಂದು ಆಲಿಸಬೇಕು. ಅಂಗೈಯಲ್ಲಿರುವಾಗ ಎರಡೂ ನುಡಿದು, ಕಿವಿಯಲ್ಲಿಟ್ಟಾಗ ಒಂದು ತಡವರಿಸಿದರೆ ದೋಷ ಜೋಡಣೆಯದಲ್ಲ, ನಡುವೆ ನಿಂತ ತಲೆಯದು. ಅಂಗೈಯಲ್ಲಿಯೂ ಒಂದು ಮೂಕವಾಗಿದ್ದರೆ ಮುಂದಿನ ಪರೀಕ್ಷೆಗೆ ಹೋಗಬೇಕು.

ಎರಡನ್ನೂ ಡಬ್ಬಿಯಲ್ಲಿಟ್ಟು ದೀಪಗಳನ್ನು ನೋಡಬೇಕು. ಒಂದರ ದೀಪ ಹತ್ತದಿದ್ದರೆ ಅದಕ್ಕೆ ವಿದ್ಯುತ್ ತಲಪುತ್ತಿಲ್ಲ. ಒಣಗಿದ ಹತ್ತಿಯ ಕಡ್ಡಿಯಿಂದ ಲೋಹದ ಚುಕ್ಕೆಗಳನ್ನೂ ಮೊಳೆಗಳನ್ನೂ ಮೆಲ್ಲಗೆ ಒರಸಬೇಕು. ಕೊಳೆ ಅಂಟಿಕೊಂಡಿದ್ದರೆ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ಸೋಂಕಿಸಿಕೊಳ್ಳಬಹುದು. ನೀರನ್ನಾಗಲಿ, ಗುಂಡುಸೂಜಿಯನ್ನಾಗಲಿ ಬಳಸಕೂಡದು. ಆಮೇಲೆ ಒಂದೆರಡು ಗಂಟೆ ವಿದ್ಯುತ್ ತುಂಬಲು ಬಿಡಬೇಕು. ಅನೇಕ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಎರಡಕ್ಕೂ ವಿದ್ಯುತ್ ತುಂಬಿದ್ದೂ ಜೋಡಿಯಾಗದಿದ್ದರೆ ಒಪ್ಪಂದ ಮುರಿದಿದೆಯೆಂದು ನಿಶ್ಚಯಿಸಬಹುದು. ಇಲ್ಲಿ ಸೂತ್ರವೊಂದೇ: ಮೂವರೂ ಹಳೆಯದನ್ನು ಮರೆಯಬೇಕು, ಮೊದಲು ಎಡಬಲಗಳು ಕೂಡಬೇಕು, ಫೋನಿನ ಸರದಿ ಕೊನೆಗೆ.

ಮೊದಲು ಫೋನಿನ ಬ್ಲೂಟೂತ್ ಪಟ್ಟಿಯಿಂದ ಆ ಇಯರ್‌ಬಡ್‌ಗಳಿಗೆ ಸೇರಿದ ಎಲ್ಲ ಹೆಸರುಗಳನ್ನೂ ಅಳಿಸಬೇಕು. ಎಡಕ್ಕೊಂದು, ಬಲಕ್ಕೊಂದು ಇದ್ದರೆ ಎರಡನ್ನೂ ಅಳಿಸಬೇಕು. ಮನೆಯ ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಹಳೆಯ ಫೋನುಗಳಲ್ಲಿಯೂ ಹಾಗೆಯೇ ಮಾಡಬೇಕು. ಇದನ್ನು ಮರೆತರೆ ಹಳೆಯ ಉಪಕರಣವೊಂದು ನಡುವೆ ಬಂದು ಒಂದನ್ನು ಸೆಳೆದುಕೊಳ್ಳುತ್ತದೆ. ಬಳಿಕ ಅಲ್ಲಿರುವ ಎಲ್ಲ ಫೋನುಗಳ ಬ್ಲೂಟೂತನ್ನೂ ಆರಿಸಬೇಕು.

ಅನಂತರ ಇಯರ್‌ಬಡ್‌ಗಳ ಸ್ಮೃತಿಯನ್ನು ಅಳಿಸಬೇಕು. ಇದಕ್ಕೆ ರೀಸೆಟ್ ಎಂದು ಹೆಸರು. ಕೆಲವು ಮಾದರಿಗಳಲ್ಲಿ ಡಬ್ಬಿಯ ಗುಂಡಿಯನ್ನು ದೀಪ ಬದಲಾಗುವವರೆಗೆ ಒತ್ತಿಹಿಡಿಯಬೇಕು. ಇನ್ನು ಕೆಲವುಗಳಲ್ಲಿ ಎರಡು ಇಯರ್‌ಬಡ್‌ಗಳ ಮೈಯನ್ನೂ ಒಟ್ಟಿಗೆ ಹಲವು ಸೆಕೆಂಡು ಮುಟ್ಟಿಹಿಡಿಯಬೇಕು. ತಯಾರಕರಿಂದ ತಯಾರಕರಿಗೆ ವಿಧಾನ ಬೇರೆಯಾದುದರಿಂದ ಜೊತೆಗೆ ಬಂದ ಕೈಪಿಡಿಯೇ ಪ್ರಮಾಣ. ಮುಖ್ಯವಾದ ಮಾತೆಂದರೆ ಎರಡನ್ನೂ ರೀಸೆಟ್ ಮಾಡಬೇಕು. ಮೂಕವಾದುದನ್ನು ಮಾತ್ರ ರೀಸೆಟ್ ಮಾಡಿದರೆ ನುಡಿಯುತ್ತಿರುವುದರಲ್ಲಿ ಹಳೆಯ ನೆನಪು ಉಳಿದು ತೊಡಕು ಇನ್ನೂ ಬಿಗಿಯಾಗುತ್ತದೆ.

ಆಮೇಲೆ ಎರಡನ್ನೂ ಡಬ್ಬಿಯಲ್ಲಿಟ್ಟು ಮುಚ್ಚಿ, ಅರೆನಿಮಿಷದ ಬಳಿಕ ತೆರೆದು, ಎರಡನ್ನೂ ಒಟ್ಟಿಗೆ ಹೊರತೆಗೆದು ಅಕ್ಕಪಕ್ಕ ಇಡಬೇಕು. ಫೋನನ್ನು ಇನ್ನೂ ಮುಟ್ಟಕೂಡದು. ಎರಡು ದೀಪಗಳೂ ಮಿನುಗುತ್ತಿದ್ದು ಸ್ವಲ್ಪ ಹೊತ್ತಿನಲ್ಲಿ ಒಂದು ಆರಿ ಮತ್ತೊಂದು ಮಾತ್ರ ಮಿನುಗಿದರೆ ಎಡಬಲಗಳು ಕೂಡಿದವೆಂದು ಅನೇಕ ಮಾದರಿಗಳಲ್ಲಿ ಅರ್ಥ: ಅನುಚರನು ಮುಂದಾಳನ್ನು ಒಪ್ಪಿದೆ, ಮುಂದಾಳು ಈಗ ಫೋನನ್ನು ಹುಡುಕುತ್ತಿದೆ. ಆಗ ಫೋನಿನ ಬ್ಲೂಟೂತ್ ಹಾಕಿ, ಪಟ್ಟಿಯಲ್ಲಿ ಕಾಣುವ ಒಂದೇ ಹೆಸರನ್ನು ಆರಿಸಿದರೆ ಕೆಲಸ ಪೂರ್ತಿಯಾಯಿತು.

ಈ ಕಾರ್ಯವನ್ನು ಗದ್ದಲವಿಲ್ಲದ ಜಾಗದಲ್ಲಿ ಮಾಡುವುದು ಲೇಸು. ಒಂದು ವೈಫೈ ಚಾನೆಲು 79ರಲ್ಲಿ ಸುಮಾರು 20 ಬ್ಲೂಟೂತ್ ಚಾನೆಲುಗಳಷ್ಟು ಅಗಲವಾಗಿರುತ್ತದೆ. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಮೂರು ವೈಫೈ ಪೆಟ್ಟಿಗೆಗಳು ಮೂರು ಕಡೆ ಕುಳಿತರೆ ಬ್ಲೂಟೂತ್‌ಗೆ ಉಳಿಯುವುದು ಇಪ್ಪತ್ತರಷ್ಟೇ. ಆ ಪದ್ಧತಿಯ ನಿಯಮದ ಪ್ರಕಾರ ಜಿಗಿಯಲು ಕನಿಷ್ಠ 20 ಚಾನೆಲುಗಳು ಬೇಕು. ಪರಿಚಯವಾದ ಮೇಲೆ ಗದ್ದಲವನ್ನು ತಪ್ಪಿಸಿಕೊಳ್ಳುವುದು ಅವಕ್ಕೆ ಗೊತ್ತು. ಪರಿಚಯದ ಮೊದಲ ಮಾತುಗಳಿಗೆ ಮಾತ್ರ ಸ್ವಲ್ಪ ನಿಶ್ಶಬ್ದ ಬೇಕು. ಅದಲುಬದಲಾದ ಜೋಡಿಗಳಿದ್ದರೆ ಒಂದು ಜೋಡಿಯನ್ನು ಇನ್ನೊಂದು ಕೋಣೆಯಲ್ಲಿ ಡಬ್ಬಿಯೊಳಗೆ ಮುಚ್ಚಿಟ್ಟು ಈ ಕ್ರಮವನ್ನು ನಡೆಸಬೇಕು.

ಕೈಬಿಡಬೇಕಾದ ಸಮಯ

ಈ ಕ್ರಮವನ್ನು ಎರಡು ಮೂರು ಸಲ ನಡೆಸಿದರೂ ಫಲವಿಲ್ಲದಿದ್ದರೆ, ಅಥವಾ ಒಂದು ಇಯರ್‌ಬಡ್ ವಿದ್ಯುತ್ತನ್ನೇ ಹಿಡಿಯದಿದ್ದರೆ, ಅದರ ಬ್ಯಾಟರಿ ತೀರಿರಬಹುದು. ಅದರೊಳಗಿನ ಪುಟ್ಟ ಲಿಥಿಯಂ ಕೋಶವು ಪ್ರತಿಯೊಂದು ಸಲ ತುಂಬಿ ಬರಿದಾದಾಗಲೂ ಸ್ವಲ್ಪ ಸವೆಯುತ್ತದೆ. ದೂರವಾಣಿಯ ಮಾತಿಗೆ ಒಂದನ್ನೇ ಬಳಸುವವರ ಜೋಡಿಯಲ್ಲಿ ಒಂದು ಬೇಗ ಮುದಿಯಾಗುವುದು ಸಹಜ. ಎರಡನ್ನೂ ಸರದಿಯಂತೆ ಬಳಸಿದರೆ ಜೋಡಿಯ ಆಯುಸ್ಸು ಸಮವಾಗುತ್ತದೆ.

ಒಂದು ಎಚ್ಚರಿಕೆಯನ್ನು ವಿದ್ಯಾರ್ಥಿಗಳಿಗೆ ಹೇಳಲೇಬೇಕು. ಕುತೂಹಲದಿಂದ ಇಯರ್‌ಬಡ್ ಅನ್ನು ಚಾಕುವಿನಿಂದ ಬಿಚ್ಚುವ ಸಾಹಸ ಬೇಡ. ಲಿಥಿಯಂ ಕೋಶಕ್ಕೆ ಮೊನೆ ತಗುಲಿ ಒಳಪದರಗಳು ಒಂದಕ್ಕೊಂದು ತಾಗಿದರೆ ಬೆಂಕಿ ಹೊತ್ತಬಲ್ಲುದು. ಇದೇ ಕಾರಣದಿಂದ ಅದನ್ನು ಮನೆಯ ಕಸದೊಡನೆ ಎಸೆಯುವುದೂ ತಪ್ಪು. ಕಸವನ್ನು ಅದುಮುವ ಲಾರಿಯಲ್ಲಿ ನಜ್ಜುಗುಜ್ಜಾದ ಕೋಶವು ಪೌರಕಾರ್ಮಿಕರಿಗೆ ಅಪಾಯವನ್ನೊಡ್ಡುತ್ತದೆ. ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ, ಯಶವಂತಪುರವನ್ನು ದಾಟಿ ಮುಂದೆ ಸಾಗಿದರೆ ಸಿಕ್ಕುವ ದಾಬಸ್‌ಪೇಟೆಯಲ್ಲಿ 2005ರಲ್ಲಿ ಇ-ಪರಿಸರ ಎಂಬ ಸಂಸ್ಥೆಯು ವಿದ್ಯುನ್ಮಾನ ತ್ಯಾಜ್ಯವನ್ನು ಶಾಸ್ತ್ರೀಯವಾಗಿ ಬಿಡಿಸಿ ಸಂಸ್ಕರಿಸುವ ಕೆಲಸವನ್ನು ಆರಂಭಿಸಿತು. ನಮ್ಮ ದೇಶದಲ್ಲಿ ಸರ್ಕಾರದ ಅನುಮತಿ ಪಡೆದು ಈ ಕೆಲಸಕ್ಕೆ ತೊಡಗಿದವರಲ್ಲಿ ಅದು ಮೊದಲಿನದು. 2.4 ಗಿಗಾಹರ್ಟ್ಸ್ ಪಟ್ಟೆಯು ಎಲ್ಲರಿಗೂ ತೆರೆದ ವರ್ಷವೂ ಅದೇ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಇಂಥ ವಸ್ತುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದುದರಿಂದ ತೀರಿದ ಜೋಡಿಯನ್ನು ಒಣ ಕಸದಿಂದ ಬೇರ್ಪಡಿಸಿ, ಇ-ತ್ಯಾಜ್ಯವನ್ನು ಸ್ವೀಕರಿಸುವ ಕಡೆಗೆ ಒಪ್ಪಿಸತಕ್ಕದ್ದು.

ಆದರೆ ಅದು ಕೊನೆಯ ಹೆಜ್ಜೆ. ಬಹಳ ಸಲ ಅಲ್ಲಿಯವರೆಗೆ ಹೋಗಬೇಕಾಗಿಯೇ ಬರುವುದಿಲ್ಲ. ಹಿಂದಿನ ಯಂತ್ರಗಳಲ್ಲಿ ಹಲ್ಲು ಮುರಿಯುತ್ತಿತ್ತು, ತಂತಿ ಕಡಿಯುತ್ತಿತ್ತು. ದೋಷವನ್ನು ಕಣ್ಣಿನಿಂದ ನೋಡಿ ಕೈಯಿಂದ ತಿದ್ದಬಹುದಾಗಿತ್ತು. ಇಂದಿನ ಪುಟ್ಟ ಯಂತ್ರಗಳ ದೋಷ ಎಷ್ಟೋ ಸಲ ಅವುಗಳ ನೆನಪಿನಲ್ಲಿರುತ್ತದೆ. ಅದನ್ನು ಕಾಣುವುದಕ್ಕೆ ಸಲಕರಣೆಗಿಂತ ಹೆಚ್ಚಾಗಿ ತಿಳಿವಳಿಕೆ ಬೇಕು. ಯಾರು ಯಾರನ್ನು ಬಲ್ಲರು, ಯಾರು ಯಾರನ್ನು ಮರೆತರು ಎಂದು ಎರಡು ನಿಮಿಷ ಯೋಚಿಸಿದ ವಿದ್ಯಾರ್ಥಿಯು ಅಂಗಡಿಯವರು ಬೇಡವೆಂದ ಜೋಡಿಯಲ್ಲಿ ಮತ್ತೆ ಹಾಡು ಕೇಳಿದರೆ, ಉಳಿದದ್ದು ಹಣ ಮಾತ್ರವಲ್ಲ. ಯಂತ್ರವನ್ನು ಬಳಸುವವನಷ್ಟೇ ಅಲ್ಲ, ಅದನ್ನು ಬಲ್ಲವನೂ ಆದೆನೆಂಬ ಸಂತೋಷವೂ ಅವನದಾಗುತ್ತದೆ.